ಸರದಿಯವನಿಗೆ ಬಂದ ಫೋನು

ನಮ್ಮೂರಿನಲ್ಲಿ ಫೋನುಗಳು ನೆಲದ ಮೇಲೆ ಮಾತಾಡುವುದಿಲ್ಲ. ನೆಲದ ಮೇಲೆ ಅವು ಟಾರ್ಚು, ಗಡಿಯಾರ, ಮುಖ ನೋಡಿಕೊಳ್ಳುವ ಕನ್ನಡಿ, ಕಾಗದ ಹಾರದಂತೆ ಇಡುವ ಭಾರ. ಯಾರೊಡನೆಯಾದರೂ ಮಾತಾಡಬೇಕೆಂದರೆ ಮೆಟ್ಟಿಲಿಳಿದು ಸುರಂಗದ ರೈಲು ಹತ್ತಬೇಕು. ಹತ್ತಿದರೂ ಎಲ್ಲೆಂದರಲ್ಲಿ ಆಗುವುದಿಲ್ಲ. ಒಂದೊಂದು ಬೋಗಿಯಲ್ಲಿ ಒಂದೇ ಒಂದು ಸೀಟಿಗೆ ಸಿಗ್ನಲ್ ಬರುತ್ತದೆ. ಅದನ್ನು ಮಾತಿನ ಸೀಟು ಎನ್ನುತ್ತೇವೆ. ಅದರಲ್ಲಿ ಕೂತರೆ ಫೋನಿಗೆ ಜೀವ, ಎದ್ದರೆ ಇಲ್ಲ. ಪರವೂರಿನಿಂದ ಬಂದವರು ಇದೇಕೆ ಹೀಗೆ ಎಂದು ಕೇಳುತ್ತಾರೆ. ಹಲಸಿನ ಹಣ್ಣಿಗೆ ಮುಳ್ಳೇಕೆ ಎಂದು ನಾವು ಅವರನ್ನು ಕೇಳುತ್ತೇವೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಎಲ್ಲರಂತೆ ಸರದಿಯಲ್ಲಿ ನಿಲ್ಲುತ್ತಾರೆ.

ಇರುವುದು ಒಂದೇ ಸೀಟಾದ್ದರಿಂದ ಕೆಲವು ಮರ್ಯಾದೆಗಳು ತಾವಾಗಿಯೇ ಬೆಳೆದುಬಂದಿವೆ. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣದವರೆಗೆ ಒಬ್ಬರ ಸರದಿ. ಸೀಟಿನಲ್ಲಿ ಕೂತವರು ಪಿಸುಗುಟ್ಟುವಂತಿಲ್ಲ. ಅದು ಕಾದು ನಿಂತವರಿಗೆ ಮಾಡುವ ಅವಮಾನ. ಆ ಕಡೆಯವರ ಮಾತು ಬೋಗಿಗೆ ಕೇಳಿಸದ ಕಾರಣ ಅದನ್ನೂ ಕೂತವರೇ ಗಟ್ಟಿಯಾಗಿ ಹೇಳಬೇಕು. ಹೀಗಾಗಿ ಬೆಳ್ಳುಳ್ಳಿ ಮಾರುವ ಸಿದ್ದಮ್ಮಜ್ಜಿ ಮಗಳಿಗೆ ಫೋನ್ ಮಾಡಿ, "ಏನು ಸಾರು ಇವತ್ತು? ಹುರುಳಿ ಸಾರಂತೆ," ಎಂದರೆ ಅರ್ಧ ಬೋಗಿ ತಲೆದೂಗುತ್ತದೆ, ಇನ್ನರ್ಧ ಬೋಗಿ "ಬಿಸಿಲುಗಾಲಕ್ಕೆ ಉಷ್ಣ ಆಗುತ್ತೆ, ಮಜ್ಜಿಗೆ ಕುಡಿಯಕ್ಕೆ ಹೇಳಿ" ಎನ್ನುತ್ತದೆ. ಒಮ್ಮೆ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಕಾರು ಕೇಳಿದರು. ಹುಡುಗಿಯ ಅಪ್ಪ ಬೆರಳು ಮಡಚಿ ಲೆಕ್ಕ ಹಾಕತೊಡಗಿದಾಗ ಬೋಗಿಗೆ ಬೋಗಿಯೇ "ಆಗಲ್ಲ ಅನ್ನಿ!" ಎಂದು ಕೂಗಿ ಸಂಬಂಧ ಮುರಿಯಿತು. ಆ ಹುಡುಗಿ ಈಗಲೂ ದೀಪಾವಳಿಗೆ ನಮ್ಮ ಬೋಗಿಗೆ ಸಜ್ಜಪ್ಪ ತಂದು ಹಂಚುತ್ತಾಳೆ. ಆದರೆ ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಮೆಟ್ಟಿಲು ಹತ್ತಿದವರು ಅದರ ಬಗ್ಗೆ ಒಂದು ಮಾತಾಡುವುದಿಲ್ಲ. ಸುರಂಗದ್ದು ಸುರಂಗಕ್ಕೆ ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಬೀದಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿಡುವ ಹಾಗೆ ಇಲ್ಲಿ ಜನ ತಮ್ಮ ಚೀಲ, ಕೊಡೆ, ಊಟದ ಡಬ್ಬಿಗಳನ್ನು ಮಾತಿನ ಸೀಟಿನ ಮುಂದೆ ಸಾಲಾಗಿಟ್ಟು ಹೋಗಿ ಬೇರೆ ಕಡೆ ಕೂರುತ್ತಾರೆ. ಆ ಸಾಲು ಹಿಂದುಮುಂದಾಗದಂತೆ ಕಾಯುವವನು ಸರದಿಯವನು. ನನ್ನ ಬೋಗಿಯಲ್ಲಿ ಸಂಜೆಯ ಗಾಡಿಗೆ ಸರದಿಯವನು ನಾನು. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ನಿಂತಿರುತ್ತೇನೆ. ಕಣ್ಣು ಸದಾ ನೆಲದ ಮೇಲಿನ ಸಾಲಿನ ಮೇಲೆ. ಒಂದು ಗಳಿಗೆ ತಲೆಯೆತ್ತಿದರೆ ಯಾರ ಕೊಡೆ ಯಾರ ಡಬ್ಬಿಯನ್ನು ದಾಟುತ್ತದೋ ಎಂಬ ಹೆದರಿಕೆ.

ಈ ಕೆಲಸ ನನಗೆ ಯೋಗ್ಯತೆಯಿಂದ ಸಿಕ್ಕಿತೆಂದು ಹೇಳಲಾರೆ. ನನಗಿಂತ ಮೊದಲು ಇದ್ದವರು ಚಿಕ್ಕಮಾದಪ್ಪ. ಗಿರಿಜಾ ಮೀಸೆಯ ಭಾರಿ ಮನುಷ್ಯ. ಅವರ ಕಾಲದಲ್ಲಿ ಅವರ ಬಾಮೈದಂದಿರ ಚೀಲಗಳಿಗೆ ಕಾಲು ಮೂಡುತ್ತಿದ್ದವು. ಹಿಂದೆ ಇಟ್ಟ ಚೀಲ ಒಂದು ನಿಲ್ದಾಣ ಕಳೆಯುವುದರಲ್ಲಿ ಮುಂದೆ ಇರುತ್ತಿತ್ತು. ಕೊನೆಗೆ ಬೋಗಿಯವರೆಲ್ಲ ಸೇರಿ ಅವರನ್ನು ಇಳಿಸಿದರು. ಫೋನ್ ಮಾಡಲು ತನ್ನವರು ಯಾರೂ ಇಲ್ಲದ ಒಬ್ಬ ಮನುಷ್ಯ ಬೇಕೆಂದು ತೀರ್ಮಾನವಾಯಿತು. ಆಗ ಎಲ್ಲರೂ ನನ್ನ ಕಡೆ ನೋಡಿದರು. ವಕೀಲರ ಗುಮಾಸ್ತ ಫಣಿರಾಯರು, "ನಿಮಗೆ ಅಂತ ಯಾರಿದಾರ್ರೀ?" ಎಂದು ಕೇಳಿದರು. ನಾನು ಪ್ರಾಮಾಣಿಕವಾಗಿ ಬಹಳ ಹೊತ್ತು ಯೋಚಿಸಿ, "ಸದ್ಯಕ್ಕೆ ಯಾರೂ ಇಲ್ಲ," ಎಂದೆ. ಆ ಸದ್ಯಕ್ಕೆ ಎಂಬ ಮಾತಿಗೆ ಜನ ಯಾಕೆ ನಕ್ಕರೋ ನನಗೆ ಆಗ ತಿಳಿಯಲಿಲ್ಲ.

ನಾನು ಊದುಬತ್ತಿ ಕಾರ್ಖಾನೆಯಲ್ಲಿ ವಾಸನೆ ನೋಡುವ ಕೆಲಸದವನು. ಅಲ್ಲಿ ನನ್ನನ್ನು "ಏಯ್ ಮೂಗು" ಎಂದು ಕರೆಯುತ್ತಾರೆ. ಬಾಡಿಗೆ ಕೋಣೆಯ ಮಾಲೀಕರಿಗೆ ನಾನು "ಮೇಲ್ಗಡೆಯೋರು". ಸಂಜೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿದ್ದೇನೆ, ಆದರೆ ಒಂದೇ ಸಲಕ್ಕಲ್ಲ. ತೀರ್ಮಾನಕ್ಕೆ ಬರುವ ಮುನ್ನ ಎರಡು ಸಲ ಯೋಚಿಸಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಾನು ನಾಲ್ಕು ಸಲ ಯೋಚಿಸುತ್ತೇನೆ, ತೀರ್ಮಾನ ಮಾತ್ರ ಬರುವುದಿಲ್ಲ. ಇಂಥ ನನ್ನನ್ನು ಕೆಂಪು ಪಟ್ಟಿ ಕಟ್ಟಿದ ಮೇಲೆ ಬೋಗಿಯಲ್ಲಿ "ಸರದಿಯೋರೇ" ಎಂದು ಬಹುವಚನದಲ್ಲಿ ಕರೆಯತೊಡಗಿದರು. ನಾನು ಹತ್ತಿದರೆ ದಾರಿ ಬಿಡುತ್ತಿದ್ದರು. ಇಡೀ ಊರಿನಲ್ಲಿ ನಾನೊಬ್ಬ ಮನುಷ್ಯನೆಂದು ಲೆಕ್ಕಕ್ಕಿದ್ದದ್ದು ಆ ಬೋಗಿಯಲ್ಲಿ ಮಾತ್ರ. ಆದ್ದರಿಂದ ಆ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಾಗಬಾರದೆಂದು ನನಗೆ ಜೀವದಷ್ಟು ಆಸೆ.

ಮಾತಿನ ಸೀಟಿನ ಎದುರು ಗೋಡೆಯ ಮೇಲೆ ಒಂದು ಹಲಗೆ ಹಾಕಿಸಿದ್ದರು. "ಸರದಿಯವರ ಮೇಲೆ ತಕರಾರಿದ್ದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಅದರಲ್ಲಿತ್ತು. ಯಾರ ನಂಬರು ಬರೆಸುವುದೆಂದು ಚರ್ಚೆಯಾದಾಗ ಯಾರೂ ಮುಂದೆ ಬರಲಿಲ್ಲ. ನನ್ನ ಮೇಲಿನ ತಕರಾರನ್ನು ನಾನೇ ಕೇಳಿಸಿಕೊಂಡರೆ ಬೇಗ ತಿದ್ದಿಕೊಳ್ಳಬಹುದೆಂದು ನಾನೇ ನನ್ನ ನಂಬರು ಕೊಟ್ಟೆ. ಬೋರ್ಡು ಬರೆಯುವವನು ಹುಮ್ಮಸ್ಸಿನಲ್ಲಿ ಅಂಕಿಗಳನ್ನು ಕುಂಬಳಕಾಯಿ ಗಾತ್ರಕ್ಕೆ ಬರೆದ. ಅಲ್ಲಿಂದೀಚೆಗೆ ಒಂದೇ ಒಂದು ತಕರಾರು ಬರಲಿಲ್ಲ. ಪ್ರತಿ ಯುಗಾದಿಗೆ ಫಣಿರಾಯರು ಎದ್ದು ನಿಂತು, "ಈ ವರ್ಷವೂ ತಕರಾರು ಸೊನ್ನೆ!" ಎಂದು ಘೋಷಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸರದಿಯವನು ಎಂದೂ ಆ ಸೀಟಿನಲ್ಲಿ ಕೂರುವವನಲ್ಲ, ಕೂರದಿದ್ದರೆ ಅವನ ಫೋನಿಗೆ ಕರೆ ಬರುವುದಿಲ್ಲ. ಈ ಸರಳ ಸಂಗತಿ ಇಷ್ಟು ವರ್ಷ ಬೋಗಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ತರ್ಕಶಾಸ್ತ್ರ ಓದಿದ ನನಗೂ ಹೊಳೆದಿರಲಿಲ್ಲ.

ಆ ಶುಕ್ರವಾರ ಗಾಡಿ ಜೋಡಿಹಳಿಯಲ್ಲಿ ನಿಂತಿತ್ತು. ನಮ್ಮ ಸುರಂಗದಲ್ಲಿ ಇರುವುದು ಒಂದೇ ಹಳಿ. ಟಂಕಸಾಲೆ ನಿಲ್ದಾಣ ದಾಟಿದ ಮೇಲೆ ಒಂದು ಕಡೆ ಮಾತ್ರ ಅದು ಎರಡಾಗುತ್ತದೆ. ಅಲ್ಲಿ ಹೋಗುವ ಗಾಡಿ ಬರುವ ಗಾಡಿಗಾಗಿ ಕಾಯುತ್ತದೆ, ಎರಡೂ ಸ್ವಲ್ಪ ಹೊತ್ತು ಪಕ್ಕಪಕ್ಕ ನಿಂತು ಹೊರಡುತ್ತವೆ. ಅದು ಸಿದ್ದಮ್ಮಜ್ಜಿಯ ಸರದಿ. ಆಕೆ ತನ್ನ ಜಾಗದಿಂದ ಎದ್ದು ಬರುವಷ್ಟರಲ್ಲಿ ನನ್ನ ಮೀನಖಂಡಕ್ಕೆ ಸೆಳೆತ ಹಿಡಿಯಿತು. ನಾನು ಹಲ್ಲು ಕಚ್ಚಿ ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತೆ.

"ಕೂತ್ಕೊಳೋ ನಿರ್ವಾಣಯ್ಯ," ಎಂದಳು ಅಜ್ಜಿ. "ನನ್ನ ಮಗಳೇನು ಓಡೋಗ್ತಾಳಾ."

"ಸರದಿಯವನು ಕೂರಬಾರದು ಅಜ್ಜಿ, ಅದು..."

ಆಕೆ ಭುಜ ಹಿಡಿದು ಒತ್ತಿದಳು. ಬೆಳ್ಳುಳ್ಳಿ ಮೂಟೆ ಎತ್ತಿಳಿಸುವ ಕೈ. ನಾನು ಕೂತುಬಿಟ್ಟೆ. ಕೂತ ತಕ್ಷಣ ಎಲ್ಲಿಂದಲೋ ಫೋನು ಬಡಿದುಕೊಳ್ಳತೊಡಗಿತು. ಕಂಪನಿಯವರು ಕೊಟ್ಟಾಗ ಇದ್ದ ಅದೇ ಟಿಣ್ ಟಿಣ್ ರಾಗ. ನಾನು ಅಭ್ಯಾಸಬಲದಿಂದ, "ಸರದಿ ಇಲ್ಲದವರು ಫೋನ್ ಆರಿಸಿ!" ಎಂದು ಗದರಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಅಂಗಿಯ ಜೇಬು ನಡುಗುತ್ತಿರುವುದು ಗೊತ್ತಾಯಿತು. ಕಾದ ಕಾವಲಿಯ ಮೇಲೆ ಕೂತವನ ಹಾಗೆ ಜಿಗಿದೆದ್ದೆ. ಫೋನು ಸತ್ತಿತು.

ಬೋಗಿಯಲ್ಲಿ ಗದ್ದಲವೆದ್ದಿತು. ಬ್ಯಾಂಕಿನವರಿರಬೇಕೆಂದರು ಒಬ್ಬರು. ಯಾವುದೋ ರಾಂಗ್ ನಂಬರೆಂದರು ಇನ್ನೊಬ್ಬರು. ಫಣಿರಾಯರು ಕೋರ್ಟಿನಲ್ಲಿ ಕಾಲು ಶತಮಾನ ಫೈಲು ಹೊತ್ತವರು. ಕನ್ನಡಕ ತೆಗೆದು ಒರೆಸಿಕೊಂಡರು.

"ಸರದಿಯೋರೇ, ಇವತ್ತಿನ ತನಕ ನೀವು ಈ ಸೀಟಲ್ಲಿ ಕೂತಿದ್ದುಂಟಾ?"

"ಇಲ್ಲ ರಾಯರೇ. ಇವತ್ತೇ. ಅದೂ ಅಜ್ಜಿ..."

"ಕೂತ ತಕ್ಷಣ ಫೋನ್ ಬಂತು. ಅಂದ್ರೆ ನೀವು ಕೂರೋದಕ್ಕೂ ಅವರು ಮಾಡೋದಕ್ಕೂ ಸರಿಹೋಯ್ತು. ಅಪರೂಪಕ್ಕೆ ಮಾಡೋರಿಗೆ ಇಂಥ ಅದೃಷ್ಟ ಇರಲ್ಲ. ಅವರು ದಿನಾ ಮಾಡ್ತಿರಬೇಕು. ನಿಮ್ಮ ನಂಬರ್ ಅವರಿಗೆ ಎಲ್ಲಿಂದ ಸಿಕ್ತು?"

ರಾಯರೇ ಹಲಗೆಯ ಕಡೆ ಬೆರಳು ತೋರಿಸಿದರು. ಕುಂಬಳಕಾಯಿ ಅಂಕಿಗಳು ನನ್ನನ್ನೇ ದಿಟ್ಟಿಸಿದವು. ನನ್ನ ಮೇಲೆ ಯಾರಿಗೋ ತಕರಾರಿದೆ. ಅದನ್ನು ಹೇಳಲು ಅವರು ದಿನವೂ ಪ್ರಯತ್ನಿಸುತ್ತಿದ್ದಾರೆ. ಎಷ್ಟು ದಿನದಿಂದಲೋ ದೇವರೇ ಬಲ್ಲ. ನಾನು ಮಾತ್ರ ಸೊನ್ನೆ ಸೊನ್ನೆ ಎಂದು ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದೆ.

ಶನಿವಾರ ಕಾರ್ಖಾನೆಯಲ್ಲಿ ಮಲ್ಲಿಗೆ ಯಾವುದು ಶ್ರೀಗಂಧ ಯಾವುದು ತಿಳಿಯದೆ ಹೋಯಿತು. ಶನಿವಾರ ಭಾನುವಾರ ಸಂಜೆಯ ಗಾಡಿ ಇರುವುದಿಲ್ಲ. ಸೋಮವಾರದ ತನಕ ಕಾಯುವ ಶಕ್ತಿ ನನಗಿರಲಿಲ್ಲ. ಅಪರಿಚಿತರು ಇಷ್ಟು ಹಟ ಹಿಡಿದು ಫೋನ್ ಮಾಡುವುದಿಲ್ಲ. ನಮ್ಮ ಬೋಗಿಯವರೇ ಯಾರೋ ಇರಬೇಕು, ಮುಖದೆದುರು ಹೇಳಲು ಸಂಕೋಚವಾಗಿ ಬೇರೆ ಬೋಗಿಯಿಂದ ಮಾಡುತ್ತಿರಬೇಕು ಎಂದು ನನ್ನ ತರ್ಕ ಹೇಳಿತು. ಹಾಗಾದರೆ ನಾನೇ ಅವರ ಮನೆಗೆ ಹೋಗಿ ಕೇಳಿಬಿಡುವುದು ಸರಿಯಲ್ಲವೇ? ಸುರಂಗದ್ದು ಸುರಂಗಕ್ಕೆ ಎಂಬ ಮಾತು ಅಡ್ಡ ಬಂತು. ಆದರೆ ಇದು ಸುರಂಗದ ಮಾತಲ್ಲ, ಸುರಂಗದಲ್ಲಿ ಆಡಲಾಗದೆ ಉಳಿದ ಮಾತು ಎಂದು ಸಮಾಧಾನ ಮಾಡಿಕೊಂಡೆ. ಭಾನುವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೊರಟೆ.

ಮೊದಲು ಬೇಕರಿ ಅಜೀಜ್ ಸಾಬರ ಹತ್ತಿರ ಹೋದೆ. ಅವರು ವಾರಕ್ಕೊಮ್ಮೆ ಪರವೂರಿನ ಅಣ್ಣನಿಗೆ ಫೋನ್ ಮಾಡುವವರು. ನನ್ನನ್ನು ನೋಡಿ ಸಂತೋಷಪಟ್ಟು ರಸ್ಕು ಕಟ್ಟಿಕೊಟ್ಟರು. ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕಿದರು.

"ಸಾಬ್ರೇ, ನನ್ನ ಮೇಲೇನಾದ್ರೂ ತಕರಾರಿದೆಯಾ?"

"ನಿಮ್ಮ ಮೇಲಾ? ತೌಬಾ ತೌಬಾ. ನಿಮ್ಮಂಥೋರ ಮೇಲೆ ಏನು ತಕರಾರು."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಸ್ವಭಾವ ಬಿಡಲಿಲ್ಲ. "ಹಾಗೆ ದಾಕ್ಷಿಣ್ಯಕ್ಕೆ ಹೇಳಬೇಡಿ. ಸ್ವಲ್ಪ ಯೋಚನೆ ಮಾಡಿ ಹೇಳಿ," ಎಂದೆ.

ಸಾಬರು ಒಲೆಯ ಕಡೆ ನೋಡುತ್ತಾ ಯೋಚಿಸಿದರು. "ಹ್ಞಾ... ನಿಲ್ದಾಣ ಹತ್ರ ಬಂದಾಗ ನೀವು ಗಂಟಲು ಸರಿ ಮಾಡ್ಕೋತೀರಲ್ಲ, 'ಹ್ಹೂಂ' ಅಂತ. ನಮ್ಮಣ್ಣ ಕೇಳ್ತಾನೆ, ಯಾರೋ ಅದು ನಿನ್ನ ಪಕ್ಕ, ಪೊಲೀಸಾ ಅಂತ. ಈದ್ ದಿನಾನೂ 'ಹ್ಹೂಂ' ಅಂದ್ರಿ. ಅವತ್ತು ಅವನು ಅಳ್ತಾ ಇದ್ದ." ಹೇಳುತ್ತಾ ಹೇಳುತ್ತಾ ಅವರ ಮುಖ ಕೆಂಪಾಯಿತು. "ನೋಡಿ, ನನಗೆ ಇಷ್ಟು ಕೋಪ ಇತ್ತು ಅಂತ ನನಗೇ ಗೊತ್ತಿರಲಿಲ್ಲ!" ಎಂದು ಹೆಚ್ಚಿಗೆ ಹಾಕಿದ ರಸ್ಕನ್ನು ಪೊಟ್ಟಣದಿಂದ ವಾಪಸು ತೆಗೆದುಕೊಂಡರು.

ಎಲ್ಲ ಕಡೆಯೂ ಹೀಗೇ ಆಯಿತು. ಮೊದಲು ಇಲ್ಲ ಎನ್ನುತ್ತಿದ್ದರು, ನಾನು ಯೋಚಿಸಿ ಎನ್ನುತ್ತಿದ್ದೆ, ಯೋಚಿಸಿದ ಮೇಲೆ ಇದೆ ಎನ್ನುತ್ತಿದ್ದರು. ಶಾಲೆಯ ಟೀಚರೊಬ್ಬರಿಗೆ ನನ್ನ ಅಂಗಿಯ ಊದುಬತ್ತಿ ವಾಸನೆಯಿಂದ ಮಾತಿನ ನಡುವೆ ಸೀನು ಬರುತ್ತಿತ್ತಂತೆ. ಗಡಿಯಾರ ರಿಪೇರಿಯವರಿಗೆ, ಫೋನಿನಲ್ಲಿ ಅವರ ಹೆಂಡತಿಯ ಮಾತನ್ನು ನಿಲ್ದಾಣ ಬರುವ ಮೊದಲೇ ನಾನು ಒಂದು ದಿನವೂ ಕಟ್ ಮಾಡಿಸಲಿಲ್ಲವೆಂಬುದೇ ತಕರಾರು. ಫಣಿರಾಯರು ಮಾತ್ರ ಕೇಳುವ ಮೊದಲೇ ತಯಾರಾಗಿದ್ದರು. "ನಿಮ್ಮದು ಅತಿ ನ್ಯಾಯ ರೀ. ಚೂರು ಅನ್ಯಾಯಕ್ಕೂ ಜಾಗ ಇರಬೇಕು. ಇಲ್ಲದಿದ್ರೆ ನಮ್ಮ ಕಸುಬಿನೋರು ಬದುಕೋದು ಹೇಗೆ?" ಎಂದರು. ಆದರೆ ನಾನೇ ಫೋನ್ ಮಾಡಿದ್ದು ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಸಂತೆಯಲ್ಲಿ ಸಿದ್ದಮ್ಮಜ್ಜಿಯನ್ನು ಹುಡುಕಿ ಕೇಳಿದೆ. ಆಕೆ ಬೆಳ್ಳುಳ್ಳಿ ಸಿಪ್ಪೆ ಊದಿ ಹಾರಿಸುತ್ತಾ, "ಊರೆಲ್ಲ ಸುತ್ತಿ ಇಲ್ಲದ ತಕರಾರು ಹುಟ್ಟಿಸಿ ಬಂದ್ಯಾ? ಚಿಕ್ಕಮಾದಪ್ಪ ಈಗಷ್ಟೇ ಇಲ್ಲಿಂದ ಹೋದ. ಮೀಸೆಗೆ ಎಣ್ಣೆ ಹಚ್ಚಿದ್ದ," ಎಂದಳು.

"ಯಾಕಜ್ಜಿ?"

"ನಾಳೆ ಪಟ್ಟಿ ಅವನ ತೋಳಿಗೆ ವಾಪಸ್ ಬರುತ್ತಂತೆ. ಸುರಂಗದ ಮಾತು ಮೇಲೆ ತಂದೋನು ಸರದಿಯೋನಾಗಿ ಇರಬಾರದು ಅಂತ ಎಲ್ಲರ ಹತ್ರ ಹೇಳ್ಕೊಂಡು ಬರ್ತಾವ್ನೆ. ಅದು ಸುಳ್ಳೇನಲ್ಲ ಬಿಡು."

ಸೋಮವಾರ ನಾನು ಬೋಗಿ ಹತ್ತಿದಾಗ ಯಾರೂ ದಾರಿ ಬಿಡಲಿಲ್ಲ. ಕೊಡೆ ಚೀಲಗಳ ಸಾಲು ಮಾತ್ರ ಎಂದಿನಂತೆ ಇತ್ತು. ಅದನ್ನು ನೋಡಿ ಕಣ್ಣು ಮಂಜಾಯಿತು. ಚಿಕ್ಕಮಾದಪ್ಪ ಬಾಗಿಲ ಹತ್ತಿರವೇ ನಿಂತಿದ್ದರು. ಹಿಂದೆ ಬಾಮೈದಂದಿರು.

"ನಾನು ಯಾರ ಮೇಲೂ ದ್ವೇಷ ಇಟ್ಕೊಂಡಿಲ್ಲ," ಎಂದು ಚಿಕ್ಕಮಾದಪ್ಪ ಶುರುಮಾಡಿದರು. "ನನ್ನ ಕಾಲದಲ್ಲಿ ಚೀಲ ಒಂದಿಷ್ಟು ಮುಂದೆ ಹೋಗ್ತಿತ್ತು, ಹೌದು. ಆದ್ರೆ ಮನೆಮನೆಗೆ ಹೋಗಿ ನನ್ನ ಮೇಲೇನಿದೆ, ನನ್ನ ಮೇಲೇನಿದೆ ಅಂತ ಭಿಕ್ಷೆ ಬೇಡಿದ್ನಾ?"

"ಬೇಡಿದ್ರೆ ಮೂಟೆಗಟ್ಟಲೆ ಸಿಗ್ತಿತ್ತು," ಎಂದಳು ಸಿದ್ದಮ್ಮಜ್ಜಿ. ಜನ ನಕ್ಕರು. ನನಗೆ ಸ್ವಲ್ಪ ಉಸಿರು ಬಂತು. ಆದರೆ ನಕ್ಕವರೇ ಮರುಕ್ಷಣ ಗಂಟಲಿನ 'ಹ್ಹೂಂ', ಊದುಬತ್ತಿಯ ಸೀನು ಎಂದು ತಮ್ಮ ತಮ್ಮ ತಕರಾರು ಎತ್ತಿಕೊಂಡರು. ಅಜೀಜ್ ಸಾಬರು ನನ್ನ ಮುಖ ನೋಡಲಿಲ್ಲ. ಎಲ್ಲರೂ ಹೇಳಿದ ಮೇಲೆ ಫಣಿರಾಯರು ಕೈಯೆತ್ತಿದರು.

"ಇವೆಲ್ಲ ನಿನ್ನೆ ಹುಟ್ಟಿದ ತಕರಾರುಗಳು. ಇವಕ್ಕೆ ಬೆಲೆ ಇಲ್ಲ. ಅಸಲಿ ತಕರಾರು ಇರೋದು ಆ ಫೋನಲ್ಲಿ. ಅವರು ಮಾಡಿದ್ದು ಜೋಡಿಹಳಿಯಲ್ಲಿ. ಇವತ್ತೂ ಅಲ್ಲೇ ಮಾಡ್ತಾರೆ. ಸರದಿಯೋರು ಎಲ್ಲರ ಮುಂದೆ ಕೂತು ಕೇಳಲಿ. ತಕರಾರು ನಿಜ ಅಂತಾದ್ರೆ ಪಟ್ಟಿ ಬಿಚ್ಚಿ ಕೊಡಲಿ."

"ನಿಜ ಅಂತ ಯಾರು ಹೇಳೋದು?" ಎಂದರು ಚಿಕ್ಕಮಾದಪ್ಪ.

"ಸರದಿಯೋರೇ ಹೇಳ್ತಾರೆ," ಎಂದರು ರಾಯರು. "ಈ ಮನುಷ್ಯನಿಗೆ ಸುಳ್ಳು ಹೇಳೋಕೆ ಬರಲ್ಲ. ಅದೇ ಅಲ್ವಾ ನಮಗೆಲ್ಲ ಕಷ್ಟ ಆಗಿರೋದು."

ಜೋಡಿಹಳಿಯ ಸರದಿ ಆ ದಿನ ಅಜೀಜ್ ಸಾಬರದ್ದು. ಅವರ ಟೋಪಿಯ ಡಬ್ಬಿ ಸಾಲಿನಲ್ಲಿ ಆ ಜಾಗದಲ್ಲಿತ್ತು. "ತಗೊಳ್ಳಿ, ನನ್ನ ಸರದಿ ತಗೊಳ್ಳಿ," ಎಂದರು, ಇನ್ನೂ ಮುನಿಸಿನಿಂದಲೇ. ನಾನು, "ಸರದಿ ಬದಲಾಯಿಸೋ ಹಾಗಿಲ್ಲ ಸಾಬ್ರೇ. ನಾನು ನನ್ನ ಊಟದ ಡಬ್ಬಿ ಸಾಲಿನ ಕೊನೇಲಿ ಇಡ್ತೀನಿ," ಎಂದೆ. ಕೊನೆಯಲ್ಲಿಟ್ಟರೆ ನನ್ನ ಸರದಿ ಬರುವಷ್ಟರಲ್ಲಿ ಗಾಡಿ ಜೋಡಿಹಳಿ ದಾಟಿ ಶೆಡ್ಡು ಸೇರಿರುತ್ತದೆ ಎಂದರು ಯಾರೋ. ತಕರಾರು ಕೇಳುವುದು ಸರದಿಯೋ ಕರ್ತವ್ಯವೋ ಎಂದು ಚರ್ಚೆ ಎದ್ದಿತು. ಸರದಿಯಾದರೆ ಸಾಲಿನಲ್ಲಿ ಬರಬೇಕು, ಕರ್ತವ್ಯವಾದರೆ ನಿಂತು ಮಾಡಬೇಕು ಎಂಬುದು ನನ್ನ ವಾದ. ನಾನು ಮೂರನೆಯ ಸಲ ಯೋಚಿಸುತ್ತಿದ್ದಾಗ ಗಾಡಿ ಜೋಡಿಹಳಿಗೆ ಬಂದು ನಿಂತಿತು. ಸಿದ್ದಮ್ಮಜ್ಜಿ ನನ್ನ ಎರಡೂ ಭುಜ ಹಿಡಿದು ಒತ್ತಿದಳು.

ಪಕ್ಕದ ಹಳಿಯ ಮೇಲೆ ಎದುರು ಗಾಡಿ ಬಂದು ನಿಂತ ಸದ್ದು ಬೆನ್ನ ಹಿಂದೆ ಕೇಳಿಸಿತು. ಮಾತಿನ ಸೀಟು ಕಿಟಕಿಗೆ ಬೆನ್ನು ಮಾಡಿದ ಸೀಟು. ನನ್ನೆದುರಿಗೆ ಬೋಗಿಯ ಅಷ್ಟೂ ಮುಖಗಳು. ಅಂಗೈಯಲ್ಲಿ ಫೋನು ಬೆವರುತ್ತಿತ್ತು. ಬರದೇ ಹೋದರೆ ಎಂದುಕೊಂಡೆ. ಬಂದುಬಿಟ್ಟರೆ ಎಂದೂ ಅಂದುಕೊಂಡೆ.

ಬಂತು.

"ಹಲೋ," ಎಂದೆ.

ಆ ಕಡೆ ಹೆಂಗಸಿನ ದನಿ. ನಿಧಾನದ, ಗಟ್ಟಿ ದನಿ. ನಾನು ಮರ್ಯಾದೆಗೆ ತಪ್ಪದೆ ಒಂದೊಂದೇ ಮಾತನ್ನು ಬೋಗಿಗೆ ಹೇಳತೊಡಗಿದೆ. "'ಸರದಿಯೋರಾ?' ಅಂತಾರೆ. ಹೌದಮ್ಮ, ಸರದಿಯವನೇ. 'ಅಂತೂ ಕೂತ್ರಲ್ಲ' ಅಂತಾರೆ. 'ಶುಕ್ರವಾರ ಕೂತಾಗ ಖುಷಿಪಟ್ಟೆ. ಆಮೇಲೆ ಸೀಟಲ್ಲಿ ಚೇಳಿದ್ದ ಹಾಗೆ ಹಾರಿಬಿಟ್ರಿ' ಅಂತಾರೆ. ಕ್ಷಮಿಸಿ ಅಮ್ಮ. ತಾವು ದಿನಾ ಫೋನ್ ಮಾಡ್ತಿದ್ರಾ? 'ದಿನಾ' ಅಂತಾರೆ."

ಬೋಗಿ ನಿಟ್ಟುಸಿರಿಟ್ಟಿತು. ಫಣಿರಾಯರು ತಮ್ಮ ತರ್ಕಕ್ಕೆ ತಾವೇ ತಲೆದೂಗಿಕೊಂಡರು.

"ನನ್ನ ಮೇಲೆ ತಕರಾರಿದೆಯಾ ಅಮ್ಮ?" ಎಂದು ಕೇಳಿದೆ. ಉತ್ತರ ಬಂತು. ಅದನ್ನು ಬೋಗಿಗೆ ಹೇಳುವಾಗ ನನ್ನ ಕೈ ತಾನಾಗಿಯೇ ತೋಳಿನ ಪಟ್ಟಿಯ ಗಂಟಿನ ಹತ್ತಿರ ಹೋಯಿತು. "'ಇದೆ' ಅಂತಾರೆ. 'ದೊಡ್ಡ ತಕರಾರು' ಅಂತಾರೆ. 'ನಿಮ್ಮ ಬೋಗಿಯಲ್ಲಿ ಒಬ್ಬರಿಗೆ ವರ್ಷಗಳಿಂದ ಒಂದೇ ಒಂದು ಸರದಿಯೂ ಸಿಕ್ಕಿಲ್ಲ. ಎಲ್ಲರಿಗೂ ಸಿಗುತ್ತೆ, ಅವರಿಗೆ ಮಾತ್ರ ಇಲ್ಲ' ಅಂತಾರೆ."

ಚಿಕ್ಕಮಾದಪ್ಪ ಮೀಸೆಯ ತುದಿ ತಿರುವಿದರು. ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಆದರೆ ನಾವು ಆಗಲೇ ಭೂಮಿಯ ಹೊಟ್ಟೆಯಲ್ಲಿದ್ದೆವು. ನನ್ನ ಕಣ್ಣೆದುರಿನಲ್ಲೇ ಇಂಥ ಅನ್ಯಾಯ ಆಗಿದೆ, ನಾನು ಕೊಡೆ ಎಣಿಸುತ್ತಾ ನಿಂತಿದ್ದೇನೆ!

"ಯಾರಮ್ಮ ಅವರು? ಹೆಸರು ಹೇಳಿ. ಈಗಲೇ ಸರಿಮಾಡ್ತೀನಿ. ಅವರನ್ನ ಈ ಸೀಟಲ್ಲಿ ಕೂರಿಸಿದ ಮೇಲೇ ಪಟ್ಟಿ ಬಿಚ್ತೀನಿ. 'ಹೆಸರು ಗೊತ್ತಿಲ್ಲ' ಅಂತಾರೆ. 'ಎತ್ತರಕ್ಕಿದಾರೆ. ತೆಳ್ಳಗೆ. ಬಿಳಿ ಅಂಗಿ. ಕತ್ತು ಬಗ್ಗಿಸಿ ಯಾವಾಗ್ಲೂ ನೆಲಾನೇ ನೋಡ್ತಿರ್ತಾರೆ. ಮುಖ ಮಾತ್ರ ಪರೀಕ್ಷೆ ರಿಸಲ್ಟಿಗೆ ಕಾಯ್ತಾ ಇರೋ ಹಾಗೆ' ಅಂತಾರೆ."

ನಾನು ಅರ್ಧ ಎದ್ದು, ಸಿಗ್ನಲ್ ನೆನಪಾಗಿ ಮತ್ತೆ ಕೂತು, ಬೋಗಿಯ ಮೂಲೆಮೂಲೆಗೂ ಕಣ್ಣಾಡಿಸಿದೆ. ಎತ್ತರದವರಿದ್ದರು, ಬಿಳಿ ಅಂಗಿಯಿರಲಿಲ್ಲ. ಬಿಳಿ ಅಂಗಿಯವರಿದ್ದರು, ತೆಳ್ಳಗಿರಲಿಲ್ಲ. ವಿಚಿತ್ರವೆಂದರೆ ಎಲ್ಲರೂ ನನ್ನ ತಲೆಯ ಮೇಲಿಂದ ಕಿಟಕಿಯಾಚೆಗೆ ನೋಡುತ್ತಿದ್ದರು. ಶಾಲೆಯ ಟೀಚರು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

"ಇಂಥವರು ಯಾರಾದ್ರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ," ಎಂದು ಕೂಗಿದೆ. "ಸಂಕೋಚ ಬೇಡ. ತಪ್ಪು ನಂದೇ."

ಅಜೀಜ್ ಸಾಬರ ಹೊಟ್ಟೆ ಕುಲುಕತೊಡಗಿತು. "ಸರದಿಯೋರೇ," ಎಂದರು ಉಸಿರು ಹಿಡಿದುಕೊಂಡು, "ನಿಮ್ಮ ಕೋಣೇಲಿ ಕನ್ನಡಿ ಇದೆಯಾ?"

"ಇದೆ ಸಾಬ್ರೇ, ಸಣ್ಣದು. ಯಾಕೆ?"

ಬೋಗಿ ಸಿಡಿಯಿತು. ಅಷ್ಟು ದೊಡ್ಡ ನಗೆ ಆ ಸುರಂಗದಲ್ಲಿ ಎಂದೂ ಎದ್ದಿರಲಿಲ್ಲ. ಚಿಕ್ಕಮಾದಪ್ಪನವರ ಬಾಮೈದಂದಿರೇ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ನಗೆಯ ನಡುವೆ, ತಡವಾಗಿ, ತುಂಬ ತಡವಾಗಿ, ನನ್ನ ಬಿಳಿ ಅಂಗಿಯ ತೋಳು ನನಗೆ ಕಂಡಿತು.

ಫೋನಿನಲ್ಲಿ ಆಕೆ ಇನ್ನೂ ಮಾತಾಡುತ್ತಿದ್ದರು. ನಾನು ತೊದಲುತ್ತಾ ಹೇಳಿದೆ: "'ನಾನು ಎದುರು ಗಾಡಿಯ ಸರದಿಯವಳು, ದಾಕ್ಷಾಯಿಣಿ' ಅಂತಾರೆ. 'ನಮ್ಮ ಬೋಗೀಲಿ ಸರದಿಯೋರಿಗೂ ಒಂದು ಸರದಿ ಉಂಟು. ಜೋಡಿಹಳೀದು ನನಗೆ ಬಿಟ್ಟಿದಾರೆ. ಯಾರಿಗೆ ಮಾಡೋದು ಅಂತ ಗೊತ್ತಾಗದೆ ಕಿಟಕೀಲಿ ಕಂಡ ನಂಬರಿಗೆ ಮಾಡ್ತಿದ್ದೆ' ಅಂತಾರೆ."

"ನಾನು ಕೂರಲ್ಲ ಅಂತ ನೋಡಿದ ಮೇಲೂ ಮಾಡಿದ್ರಾ?" ಎಂದೆ.

"ಏನಂದ್ರು? ಏನಂದ್ರು?" ಎಂದು ಹಿಂದಿನವರು ಕೂಗಿದರು.

"'ತಕರಾರಿದ್ದರೆ ಫೋನ್ ಮಾಡಿ ಅಂತ ಬರೆದಿತ್ತು. ಕೂತರೆ ಮಾತ್ರ ಮಾಡಿ ಅಂತ ಬರೆದಿರಲಿಲ್ಲ' ಅಂತಾರೆ."

"ಭಲೇ!" ಎಂದರು ಫಣಿರಾಯರು. "ಇದು ಪಾಯಿಂಟು!" ಅವರು ಗಂಟಲು ಸರಿಮಾಡಿಕೊಂಡು, ಗಾಡಿ ಹೊರಡುವ ಮೊದಲೇ ತೀರ್ಪು ಕೊಟ್ಟರು. ತಕರಾರು ನಿಜ, ಸರದಿಯವನಿಗೆ ಅನ್ಯಾಯವಾಗಿದೆ, ಅನ್ಯಾಯ ಮಾಡಿದವನು ಸರದಿಯವನೇ, ಶಿಕ್ಷೆಯಾಗಿ ಅವನು ದಿನವೂ ಜೋಡಿಹಳಿಯಲ್ಲಿ ಈ ಸೀಟಿನಲ್ಲಿ ಕೂರತಕ್ಕದ್ದು. ಪಟ್ಟಿ ಬಿಚ್ಚಿದರೆ ಶಿಕ್ಷೆ ಅನುಭವಿಸಲು ಆಗುವುದಿಲ್ಲವಾದ್ದರಿಂದ ಪಟ್ಟಿ ಅವನ ತೋಳಿನಲ್ಲೇ ಇರತಕ್ಕದ್ದು. ಚಿಕ್ಕಮಾದಪ್ಪ, "ಇದ್ಯಾವ ಸೀಮೆ ತೀರ್ಪು?" ಎಂದರು. ಬಾಮೈದನೊಬ್ಬ ಅವರ ಕೈ ಹಿಡಿದೆಳೆದು, "ಸುಮ್ನಿರಿ ಭಾವ, ಆಯಮ್ಮ ಏನಂತಾರೋ ಕೇಳಾನ," ಎಂದ.

ನಾನು ಈ ತೀರ್ಪನ್ನು ಆ ಕಡೆಗೆ ಮುಟ್ಟಿಸಿದೆ. ಮುಟ್ಟಿಸಿದ ಮೇಲೆ ಎಂದಿನ ಸಂದೇಹ ಬಂತು. "ಆದರೆ ಮೇಡಂ, ನ್ಯಾಯವಾಗಿ ಹೇಳಬೇಕಂದ್ರೆ, ಸರದಿ ಸಿಕ್ಕಿದ್ರೂ ಅದನ್ನ ನಾನು ಏನು ಮಾಡ್ಲಿ? ಫೋನ್ ಮಾಡೋಕೆ ನನಗೆ ಯಾರೂ ಇಲ್ಲ."

ಆಕೆ ಹೇಳಿದ್ದನ್ನು ನಾನು ಅರ್ಥ ಮಾಡಿಕೊಳ್ಳದೆಯೇ ಗಟ್ಟಿಯಾಗಿ ಬೋಗಿಗೆ ಒಪ್ಪಿಸಿದೆ: "'ಅದು ನನ್ನ ಎರಡನೇ ತಕರಾರು. ಅದನ್ನ ನಾಳೆ ಹೇಳ್ತೀನಿ. ಕೂತಿರಿ' ಅಂತಾರೆ."

ಈ ಸಲ ಯಾರೂ ನಗಲಿಲ್ಲ. ಗಾಡಿ ಕೂಗಿತು, ಫೋನು ಕಡಿಯಿತು. ಸಿದ್ದಮ್ಮಜ್ಜಿ ನನ್ನ ಪಕ್ಕಕ್ಕೆ ಬಗ್ಗಿ, "ನಾಳೆ ನೀಲಿ ಅಂಗಿ ಹಾಕ್ಕೊಂಡು ಬಾ," ಎಂದಳು.

"ಫೋನಲ್ಲಿ ಅಂಗಿ ಕಾಣಲ್ಲ ಅಜ್ಜಿ."

"ಅಯ್ಯೋ ಪೆದ್ದೇ! ಇಷ್ಟೊತ್ತೂ ನಿನ್ನ ಬೆನ್ನ ಹಿಂದೇನೇ ಕೂತು ಮಾತಾಡಿದಳಲ್ಲೋ, ನಾವೆಲ್ಲ ನೋಡಿದ್ವಿ. ತಿರುಗೋ!"

ನಾನು ತಿರುಗಿದೆ. ಎದುರು ಗಾಡಿ ಆಗಲೇ ಹೊರಟಿತ್ತು. ಅದರ ಮಾತಿನ ಸೀಟಿನ ಸುತ್ತ ಜನ ಮುಗಿಬಿದ್ದಿದ್ದರು. ನನ್ನ ಒಂದೊಂದು ಮಾತನ್ನೂ ಆಕೆ ಅವರಿಗೆ ಗಟ್ಟಿಯಾಗಿ ಹೇಳಿರಬೇಕು, ಎಲ್ಲರ ಮುಖದಲ್ಲೂ ನನ್ನ ಗುರುತು. ಅವರ ನಡುವೆ, ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹೆಂಗಸೊಬ್ಬರು ಕಡಿದುಹೋದ ಫೋನನ್ನು ಇನ್ನೂ ಕಿವಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಕೈ ಬೀಸಬೇಕೋ, ಬರಿಯ ತಲೆಯಾಡಿಸಿದರೆ ಸಾಕೋ, ಮೊದಲ ಭೇಟಿಗೆ ನಮಸ್ಕಾರವೇ ಸರಿಯೋ ಎಂದು ನಾನು ಯೋಚಿಸಿದೆ. ನಮಸ್ಕಾರವೇ ಸರಿ ಎಂದು ತೀರ್ಮಾನಿಸಿ ಎರಡೂ ಕೈ ಜೋಡಿಸುವಷ್ಟರಲ್ಲಿ ಅವರ ಬೋಗಿ ದಾಟಿ, ಅದರ ಹಿಂದಿನವೂ ದಾಟಿ, ನನ್ನ ನಮಸ್ಕಾರ ಸಿಕ್ಕಿದ್ದು ಕೊನೆಯ ಬೋಗಿಯ ಗಾರ್ಡಿಗೆ.

ಅವನು ಗಂಭೀರವಾಗಿ ಹಸಿರು ದೀಪ ತೋರಿಸಿದ.